ಹಿಮ ಬಿಟ್ಟು ಎರಿ ಹೊಲಕ್ಕೆ

ಗದಗ ಸೀಮೆಯ ಬೆಳವಣಕಿಯಲ್ಲಿ ಮಾಗಿಯ ಬೆಳಗು ಮೊದಲು ಕಿವಿಗೆ ಸಿಗುತ್ತದೆ, ಕಣ್ಣಿಗೆ ಆಮೇಲೆ. ಮಂಜಿನಲ್ಲಿ ಊರಿನ ಮಾಳಿಗೆಗಳು, ಬೇವಿನ ಮರಗಳು, ಕಣಕಿಯ ಬಣವಿಗಳು ಯಾವುವೂ ಕಾಣುತ್ತಿಲ್ಲ. ಅದರೊಳಗೆ ಎಲ್ಲೋ ಎತ್ತಿನ ಕೊರಳ ಗೆಜ್ಜೆಸರ ಘಲ್ಲೆನ್ನುತ್ತದೆ. ಪಕ್ಕದ ಮನೆಯಿಂದ ರೊಟ್ಟಿ ಬಡಿಯುವ ಪಟಪಟ ಕೇಳುತ್ತದೆ. ಚಕ್ಕಡಿಯ ಗಾಲಿಯೊಂದು ಕಿರ್ರೆನ್ನುತ್ತ ನಮ್ಮನ್ನು ದಾಟಿ ಹೋಗುತ್ತದೆ, ಹೊಡೆಯುವವನ ಮುಖ ಮಾತ್ರ ಕಾಣುವುದಿಲ್ಲ. ನಾವು ಕಿವಿಗೆ ಮಫ್ಲರ್ ಸುತ್ತಿಕೊಂಡು, ಆ ಗಾಲಿಯ ಸದ್ದಿನ ಬೆನ್ನು ಹಿಡಿದು ಹೊಲದ ದಾರಿ ತುಳಿಯುತ್ತೇವೆ.

ಈ ಚಳಿಗಾಲಕ್ಕೆ ಗೆಳೆಯರೆಲ್ಲ ಹೊರಟಿದ್ದು ಬೇರೆ ಕಡೆಗೆ. ಜೂರಿಚ್‌ನಲ್ಲಿ ನೆಲೆಸಿರುವ ಗೆಳೆಯ ಆಲ್ಪ್ಸ್‌ನ ಹಿಮದಲ್ಲಿ ಸ್ಕೀಯಿಂಗ್ ಮಾಡಿಸುತ್ತೇನೆಂದು ವರ್ಷಗಳಿಂದ ಕರೆಯುತ್ತಲೇ ಇದ್ದ. ಧಾರವಾಡದ ಹಾಸ್ಟೆಲ್ಲಿನಲ್ಲಿ ಒಟ್ಟಿಗಿದ್ದವರಲ್ಲಿ ಬೆಳವಣಕಿಯ ಮಾಸ್ತರ ಒಬ್ಬನೇ ಆ ಮಾತಿಗೆ ಬಗ್ಗಲಿಲ್ಲ. "ಮಾಗಿ ಒಳಗ ಹೊಲಾ ಬಿಟ್ಟು ಎಲ್ಲಿಗೆ ಬರ್ಲಿ? ನೀನ ಈ ಕಡೆ ಬಾರಲೇ, ನಮ್ಮ ಚಳಿಗಾಲ ನೋಡು" ಎಂದುಬಿಟ್ಟ. ಹಾಗಾಗಿ ಸ್ಕೀ ಹಲಗೆಗಳು ಜೂರಿಚ್‌ನ ಮನೆಯಲ್ಲೇ ಉಳಿದಿವೆ, ಅವುಗಳ ಒಡೆಯ ನಮ್ಮ ಮುಂದೆ ಹೊಲದ ಬದುವಿನ ಮೇಲೆ ಇಬ್ಬನಿಯಲ್ಲಿ ಜಾರುತ್ತ ನಡೆಯುತ್ತಿದ್ದಾನೆ. ಮಲೆನಾಡಿನಲ್ಲಿ ಬೆಳೆದ ನನಗೂ ಈ ಬಯಲಿನ ಚಳಿಗಾಲ ಹೊಸದು.

ಮಂಜು ನಿಧಾನವಾಗಿ ಏಳುತ್ತದೆ. ಮೊದಲು ಕಾಲಡಿಯ ಮಣ್ಣು ಕಾಣುತ್ತದೆ, ಒದ್ದೆಯಾಗಿ ಹೊಳೆಯುವ ಕಡುಗಪ್ಪು ಎರಿ. ಆಮೇಲೆ ಮೊಣಕಾಲೆತ್ತರದ ಕಡಲೆ ಗಿಡಗಳ ಬೂದುಹಸಿರು, ಅದರಾಚೆ ಕುಸುಬೆಯ ಕೇಸರಿ ಚುಕ್ಕೆಗಳು. ಕೊನೆಗೆ ಆಳೆತ್ತರದ ಬಿಳಿಜೋಳ, ಹಾಲುಗಾಳು ತುಂಬಿದ ತೆನೆಗಳನ್ನು ಹೊತ್ತು ದಿಗಂತದವರೆಗೆ. ಬೇಲಿ ಇಲ್ಲ, ಗುಡ್ಡ ಇಲ್ಲ, ನೋಟವನ್ನು ತಡೆಯುವುದು ಏನೂ ಇಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳು ಈ ಬೆಳವಲ ಸೀಮೆಯನ್ನು ಬೆಳ್ವೊಲ ಮುನ್ನೂರು ಎಂದು ಕರೆದವು. ರಾಷ್ಟ್ರಕೂಟರು, ಚಾಲುಕ್ಯರು, ಹೊಯ್ಸಳರು, ಸೇವುಣರು ಇದಕ್ಕಾಗಿ ಯಾಕೆ ಬಡಿದಾಡಿದರು ಎಂಬುದಕ್ಕೆ ಉತ್ತರ ಈಗ ನಮ್ಮ ಬೂಟಿಗೆ ಮೆತ್ತಿಕೊಂಡಿದೆ.

ಈ ಮಣ್ಣಿನ ಕೆಲಸವೇ ಬೆರಗಿನದು. ಬೇರೆ ಕಡೆ ಮಳೆ ಬಂದಾಗ ಬಿತ್ತಿದರೆ ಇಲ್ಲಿ ಮಳೆ ಮುಗಿಯುವ ಹೊತ್ತಿಗೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಹಿಂಗಾರಿ ಬಿತ್ತನೆ. ಮಳೆಗಾಲದಲ್ಲಿ ಕುಡಿದ ನೀರನ್ನು ಎರಿ ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಆ ತೇವದ ಮೇಲೆ, ಚಳಿಯ ಆಸರೆಯಲ್ಲಿ ಜೋಳ, ಕಡಲೆ, ಗೋದಿ, ಕುಸುಬೆ ಬೆಳೆದು ನಿಲ್ಲುತ್ತವೆ. ಬೇಸಿಗೆಗೆ ಇದೇ ನೆಲ ಕಾಲು ಹೂತುಹೋಗುವಷ್ಟು ಅಗಲ ಬಿರಿಯುತ್ತದೆ. ಹಾಗಾಗಿ ಬೆಳವಲದ ಹಸಿರನ್ನು ನೋಡಬೇಕಾದವರು ಮಾಗಿಯಲ್ಲೇ ಬರಬೇಕು.

ಕಡಲೆ ಹೊಲದಲ್ಲಿ ಅಜ್ಜ ಒಬ್ಬರು ಬಿಳಿ ಪಂಚೆಯೊಂದನ್ನು ಗಿಡಗಳ ಮೇಲೆ ಎಳೆಯುತ್ತ ಸಾಗುತ್ತಿದ್ದಾರೆ. ಒಂದು ಸಾಲು ಮುಗಿದ ಮೇಲೆ ತೊಯ್ದು ತೊಪ್ಪೆಯಾದ ಬಟ್ಟೆಯನ್ನು ಎರಡೂ ಕೈಯಿಂದ ತಿರುವಿ ಹಿಂಡುತ್ತಾರೆ. ಕೆಳಗಿಟ್ಟ ಸ್ಟೀಲಿನ ಪಾತ್ರೆಗೆ ತಿಳಿಹಳದಿ ನೀರು ಸುರಿಯುತ್ತದೆ.

"ಏನ್ರೀ ಅಜ್ಜಾರ ಇದು?"

"ಕಡ್ಲಿ ಹುಳಿ ತಮ್ಮಾ. ಬಿಸಲು ಬಿದ್ದರ ಸಿಗೂದಿಲ್ಲ. ಹೊಟ್ಟಿ ನೋವಿಗೆ, ಅಜೀರ್ಣಕ್ಕ ಇದರಂಥಾ ಔಷಧ ಇಲ್ಲ. ನಾಲಿಗಿ ಮ್ಯಾಲ ಒಂದ ಹನಿ ಹಾಕ್ಕೋ, ಹೆಚ್ಚಿಗಿ ಬ್ಯಾಡ."

ಕಡಲೆಯ ಎಲೆಯ ಸಣ್ಣ ರೋಮಗಳು ಒಂದು ಬಗೆಯ ಹುಳಿಯನ್ನು ಸ್ರವಿಸುತ್ತವೆ. ರಾತ್ರಿಯ ಇಬ್ಬನಿ ಅದನ್ನು ಕರಗಿಸಿಕೊಂಡು ಎಲೆಯ ಮೇಲೆ ಕೂತಿರುತ್ತದೆ. ಜೂರಿಚ್‌ನ ಗೆಳೆಯ ಬೆರಳದ್ದಿ ನೆಕ್ಕುತ್ತಾನೆ. ಒಂದು ಕಣ್ಣು ತಾನಾಗಿ ಮುಚ್ಚುತ್ತದೆ, ಹಲ್ಲು ಜುಮ್ಮೆನ್ನುತ್ತದೆ, ಇಡೀ ಮುಖ ಕಿವುಚಿಕೊಳ್ಳುತ್ತದೆ. ಅಜ್ಜ ಬಾಯ್ತುಂಬ ನಗುತ್ತಾರೆ. ಇಬ್ಬನಿಯನ್ನೂ ಬೆಳೆಯಂತೆ ಕುಯ್ಯುವ ಊರಿದು.

ಬಿಸಿಲೇರುವಷ್ಟರಲ್ಲಿ ಹೊಲದ ದಾರಿಗಳಿಗೆ ಜಾತ್ರೆಯ ಕಳೆ ಬರುತ್ತದೆ. ಎಳ್ಳ ಅಮಾವಾಸ್ಯೆಯ ದಿನ. ಎತ್ತುಗಳಿಗೆ ಬಣ್ಣದ ಜೂಲ, ಕೊಂಬಿಗೆ ಕೊಂಬಣಸು. ಚಕ್ಕಡಿಗಳಲ್ಲಿ ಇಳಕಲ್ ಸೀರೆಯುಟ್ಟ ಅವ್ವಂದಿರು, ಬುತ್ತಿಯ ಬುಟ್ಟಿಗಳು, ಅವುಗಳ ನಡುವೆ ತೂರಿಕೊಂಡ ಮಕ್ಕಳು. ಚಕ್ಕಡಿಗಿಂತ ಟ್ರ್ಯಾಕ್ಟರುಗಳೇ ಈಗ ಹೆಚ್ಚು, ಅವುಗಳ ಸ್ಪೀಕರಿನಿಂದ ಹೊಸ ಸಿನಿಮಾದ ಹಾಡು. ಮಾಸ್ತರನ ಹೊಲದ ಬನ್ನಿಮರದ ಬುಡದಲ್ಲಿ ಐದು ಕಲ್ಲುಗಳನ್ನು ಸುಣ್ಣ ಹಚ್ಚಿ ನಿಲ್ಲಿಸಿದ್ದಾರೆ. ಅವರೇ ಪಾಂಡವರು. ಪೂಜೆ, ಎಡೆ ಮುಗಿದ ಮೇಲೆ ಮಾಸ್ತರ ಚರಗದ ಬುಟ್ಟಿ ಹಿಡಿದು ಹೊಲದ ಸುತ್ತ ನಡೆಯುತ್ತ ನಾಲ್ಕೂ ದಿಕ್ಕಿಗೆ ಅನ್ನ, ಕಡಬು, ಪಲ್ಲೆ ಚೆಲ್ಲುತ್ತಾನೆ. ಹಿಂದಿನಿಂದ ಇನ್ನೊಬ್ಬರು ನೀರು ಚಿಮುಕಿಸುತ್ತಾರೆ. ಬೆಳೆ ಹೊತ್ತ ಭೂಮಿತಾಯಿಗೆ ಇದು ಬಸಿರಿನ ಊಟ.

ನಂತರ ನಮ್ಮ ಊಟ. ಖಡಕ್ ಸಜ್ಜಿರೊಟ್ಟಿಯ ಮೇಲೆ ಎಳ್ಳು ಮಿನುಗುತ್ತದೆ. ಬದನಿಕಾಯಿ ಎಣಗಾಯಿ, ಪುಂಡಿಪಲ್ಲೆ, ಮಡಕಿಕಾಳಿನ ಉಸುಳಿ, ಅಗಸಿ ಹಿಂಡಿ, ಕೆಂಪು ಖಾರದ ರಂಜಕ, ಗಟ್ಟಿ ಮೊಸರು. ಕಚ್ಚಲು ಹಸಿ ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು, ಗಜ್ಜರಿ. ಸಿಹಿಗೆ ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಕಡಬು. "ಇನ್ನೊಂದು ಹಾಕ್ಕೋರಿ ಅಣ್ಣಾರ, ಹೊಲದಾಗ ಉಂಡಿದ್ದು ಲೆಕ್ಕಕ್ಕಿಲ್ಲ" ಎನ್ನುತ್ತಾರೆ ಮಾಸ್ತರನ ಮನೆಯವರು. ಅಪರಿಚಿತ ಹೊಲಗಳಿಂದಲೂ ಕರೆ ಬರುತ್ತದೆ. ದಾರಿಯಲ್ಲಿ ಹೋಗುವವರನ್ನು ಉಣ್ಣಿಸದೆ ಬಿಡುವುದು ಈ ದಿನದ ಮಟ್ಟಿಗೆ ಯಾರಿಂದಲೂ ಆಗದ ಕೆಲಸ.

ಮರುದಿನ ನರಗುಂದದ ದಾರಿ. ದಾರಿಯಲ್ಲಿ ಬೆಣ್ಣಿಹಳ್ಳ ಅಡ್ಡ ಬರುತ್ತದೆ. ಶಿಗ್ಗಾಂವ ಸೀಮೆಯಲ್ಲಿ ಹುಟ್ಟಿ, ಎರಿ ಭೂಮಿಯ ನೀರನ್ನೆಲ್ಲ ಬಸಿದುಕೊಂಡು ಮಲಪ್ರಭೆ ಸೇರುವ ಈ ಹಳ್ಳ ಮಳೆಗಾಲದಲ್ಲಿ ಹೊಲ, ಸೇತುವೆ, ರಸ್ತೆ ಎನ್ನದೆ ನುಂಗುತ್ತದೆ. ಈಗ ಅದು ಸಣ್ಣಗೆ ಹರಿಯುತ್ತಿದೆ. ದಂಡೆಯ ಜಾಲಿಯಲ್ಲಿ ಗುಲಾಬಿ ಮೈಯ, ಕಪ್ಪು ತಲೆಯ ಕಬ್ಬಕ್ಕಿಗಳ ಗುಂಪೊಂದು ಗದ್ದಲ ಎಬ್ಬಿಸಿದೆ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಜೋಳದ ಕಾಲಕ್ಕೆ ಸರಿಯಾಗಿ ಬಂದ ಅತಿಥಿಗಳಿವು. ಹೊಲದ ಅಟ್ಟದ ಮೇಲೆ ನಿಂತ ಹುಡುಗ ಕವಣಿ ಬೀಸುತ್ತಾನೆ, ಕಲ್ಲು ಸುಂಯ್ ಎನ್ನುತ್ತದೆ. ಸಾವಿರಾರು ರೆಕ್ಕೆ ಒಮ್ಮೆಲೇ ಎದ್ದು ಆಕಾಶದಲ್ಲಿ ಉಂಡೆಯಾಗಿ, ಹಾಳೆಯಾಗಿ, ಮತ್ತೆ ಉಂಡೆಯಾಗಿ ಹೊರಳಿ ಪಕ್ಕದ ಹೊಲಕ್ಕಿಳಿಯುತ್ತವೆ. ಹುಡುಗ ಪಕ್ಕದ ಹೊಲದವನಿಗೆ ಕೂಗಿ ಹೇಳುತ್ತಾನೆ. ಈಗ ಅವನ ಸರದಿ.

ನರಗುಂದದ ಗುಡ್ಡ ತುಂಬ ಮೊದಲೇ ಕಾಣಿಸಿಕೊಳ್ಳುತ್ತದೆ. ಸಪಾಟು ನೆಲದ ನಡುವೆ ಒಂದೇ ಸಮ ಎದ್ದ ಬಂಡೆ, ನೆತ್ತಿಯ ಮೇಲೆ ಮುರಿದ ಕೋಟೆಯ ಗೋಡೆ. ಏರುವ ದಾರಿಯಲ್ಲಿ ಗಾಳಿ ಪ್ರತಿ ತಿರುವಿನಲ್ಲೂ ಜೋರಾಗುತ್ತದೆ. ಮೇಲೆ ಹೋಗಿ ನಿಂತರೆ ಕೆಳಗಿನ ಊರು, ಮಲಪ್ರಭೆಯ ಕಾಲುವೆಯ ನೀರು ಮುಟ್ಟಿದ ಹಸಿರು ಪಟ್ಟಿಗಳು, ಅದರಾಚೆ ಕಪ್ಪು, ಹಳದಿ, ಹಸಿರಿನ ಚೌಕಗಳು ಕಣ್ಣು ದಣಿಯುವವರೆಗೂ. ಜೂರಿಚ್‌ನ ಗೆಳೆಯ ಸುಮ್ಮನೆ ಒಂದು ಸುತ್ತು ತಿರುಗಿ ನೋಡುತ್ತಾನೆ. "ಆಲ್ಪ್ಸ್‌ನಲ್ಲಿ ಯಾವ ಶಿಖರ ಹತ್ತಿದರೂ ಎದುರಿಗೆ ಇನ್ನೊಂದು ಶಿಖರ ಅಡ್ಡ ಇರುತ್ತೆ. ಇಲ್ಲಿ ನೋಟಕ್ಕೆ ಕೊನೆಯೇ ಇಲ್ಲವಲ್ಲೋ" ಎನ್ನುತ್ತಾನೆ.

ಇಷ್ಟು ದೂರ ಕಾಣುವ ಗುಡ್ಡವನ್ನು ಸೈನ್ಯಗಳು ಬಿಡುವುದುಂಟೆ? ಶಿವಾಜಿಯ ಕಾಲದಲ್ಲಿ ಎದ್ದ ಕೋಟೆ ಇದು. 1785ರಲ್ಲಿ ಟಿಪ್ಪುವಿನ ಸೇನೆ ಇದನ್ನು ಮುತ್ತಿ ಗೆದ್ದುಕೊಂಡಿತು. 1858ರಲ್ಲಿ ಇಲ್ಲಿದ್ದವನು ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ. ಸಂಸ್ಕೃತ ಗ್ರಂಥಗಳ ದೊಡ್ಡ ಭಂಡಾರವನ್ನೇ ಕೂಡಿಟ್ಟಿದ್ದ ಓದಾಳಿ. ಮಕ್ಕಳಿಲ್ಲದ ಅವನಿಗೆ ದತ್ತು ತೆಗೆದುಕೊಳ್ಳಲು ಬ್ರಿಟಿಷರು ಅನುಮತಿ ಕೊಡಲಿಲ್ಲ. ಆಯುಧ ಒಪ್ಪಿಸೆಂಬ ಆಜ್ಞೆಯೂ ಬಂತು. ಮುಂಡರಗಿ ಭೀಮರಾಯನ ಜೊತೆ ಸೇರಿ ಬಂಡೆದ್ದ. ಮೇ 29ರಂದು ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ರುಂಡ ಹಾರಿತು, ಅದನ್ನು ತಂದು ನರಗುಂದದ ಅಗಸಿಗೆ ಕಟ್ಟಿದರು. ಸರಿಯಾಗಿ ಎರಡು ವಾರಕ್ಕೆ, ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಭೀಮರಾಯ ಅದಕ್ಕೂ ಮೊದಲೇ ಕೊಪ್ಪಳದ ಕೋಟೆಯಲ್ಲಿ ಹೋರಾಡುತ್ತ ಮಡಿದಿದ್ದ.

ಇಳಿದು ಊರೊಳಗೆ ಬಂದರೆ ಇನ್ನೊಂದು ಬಂಡಾಯದ ಗುರುತು, ರೈತರ ವೀರಗಲ್ಲು. 1980ರ ಜುಲೈ 21ರಂದು, ಮಲಪ್ರಭೆಯ ನೀರು ಸರಿಯಾಗಿ ಮುಟ್ಟುವ ಮೊದಲೇ ಅಭಿವೃದ್ಧಿ ಕರ ಕೇಳಿದ ಸರ್ಕಾರದ ವಿರುದ್ಧ ಇಲ್ಲಿಯ, ನವಲಗುಂದದ ರೈತರು ಬೀದಿಗಿಳಿದಾಗ ಗೋಲಿಬಾರ್ ನಡೆಯಿತು. ರಾಜ್ಯದ ರೈತ ಚಳವಳಿಗೆ ಕಿಚ್ಚು ಹತ್ತಿದ್ದು ಆಗಲೇ. 2015ರಿಂದ ಮಹದಾಯಿ ನೀರಿಗಾಗಿ ಮತ್ತೆ ಇದೇ ಊರು ಧರಣಿ ಕೂತಿತು. ಚಹಾದಂಗಡಿಯಲ್ಲಿ ನಮ್ಮ ಪಕ್ಕ ಕೂತ ಹಿರಿಯರು ಗಿರಮಿಟ್ಟಿನ ಪೊಟ್ಟಣ ನಮ್ಮ ಕಡೆ ಸರಿಸುತ್ತ ಕೇಳುತ್ತಾರೆ: "ಗುಡ್ಡಾ ನೋಡಿದ್ರಿ, ಚಲೋ ಆತು. ಕೆನಾಲಿನ ಕೊನೀ ಹೊಲಾ ನೋಡಿದ್ರೇನು? ಅಲ್ಲಿಗೂ ಹೋಗಿ ಬರ್ರಿ." ಹಸಿರು ಪಟ್ಟಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗುಡ್ಡದ ಮೇಲಿಂದಲೇ ನೋಡಿದ್ದೇವೆ. ಅವರ ಮಾತಿಗೆ ಎದುರಾಡಲು ಏನೂ ಇಲ್ಲ.

ಅಲ್ಲಿಂದ ಪೂರ್ವಕ್ಕೆ, ರೋಣ ದಾಟಿ ಸೂಡಿಗೆ. ರಸ್ತೆಯ ಪಕ್ಕದ ಕಡಲೆ ಹೊಲದಲ್ಲಿ ಚಿಗರಿಗಳ ಹಿಂಡೊಂದು ತಲೆಯೆತ್ತುತ್ತದೆ. ತಿರುಚಿದ ಕೊಂಬಿನ ಕಪ್ಪು ಗಂಡು ಮುಂದೆ, ಕಂದು ಹೆಣ್ಣುಗಳು ಹಿಂದೆ. ಕಾರು ನಿಂತದ್ದೇ ತಡ, ಒಂದರ ಹಿಂದೊಂದು ಗಾಳಿಗೆ ನೆಗೆಯುತ್ತ ಹೊಲ ದಾಟುತ್ತವೆ. ನಮಗೆ ಸಂಭ್ರಮ. ಹೊಲದ ಒಡೆಯನಿಗೆ ಅಲ್ಲ, ಅವನು ರಾತ್ರಿಯೆಲ್ಲ ಕಾದು ಕೂತವನು.

ಸೂಡಿಯನ್ನು ಹೊಕ್ಕರೆ ಸಾಮಾನ್ಯ ಹಳ್ಳಿ. ಕಟ್ಟೆಯ ಮೇಲೆ ಇಸ್ಪೀಟು, ಬೀದಿಯಲ್ಲಿ ಕೋಳಿ, ಗೋಡೆಗೆ ತಟ್ಟಿದ ಕುಳ್ಳು. ಒಂದು ತಿರುವು ದಾಟುವುದರಲ್ಲಿ ಎರಡು ಕಲ್ಲಿನ ಶಿಖರಗಳು ಎದುರಾಗುತ್ತವೆ. ಜೋಡುಕಳಸದ ಗುಡಿ. ಎರಡು ಗರ್ಭಗುಡಿಗಳು ಒಂದೇ ಮಂಟಪದ ಆಚೆ–ಈಚೆ, ಜಗಲಿಯ ಮೇಲೆ ಹರಟೆಗೆ ಎದುರುಬದುರು ಕೂತ ಅಕ್ಕತಂಗಿಯರಂತೆ. ಸಂಜೆಯ ಬಿಸಿಲಿಗೆ ಒಂದು ಶಿಖರ ಹೊನ್ನಾಗಿದೆ, ಇನ್ನೊಂದು ಅದರ ನೆರಳಿನಲ್ಲಿ ನೀಲಿಯಾಗಿದೆ. ಒಳಗೆ ಹೋದರೆ ಚರಕಿಗೆ ಹಿಡಿದು ತಿರುಗಿಸಿದ ಕಂಬಗಳು, ಅವುಗಳ ನುಣುಪಿನಲ್ಲಿ ನಮ್ಮ ಅಸ್ಪಷ್ಟ ಮುಖಗಳು.

ಸಾವಿರ ವರ್ಷದ ಹಿಂದೆ ಈ ಹಳ್ಳಿ ಕಿಸುಕಾಡು ಎಪ್ಪತ್ತು ಎಂಬ ಸೀಮೆಯ ಆಡಳಿತ ಕೇಂದ್ರ. ಕಲ್ಯಾಣ ಚಾಲುಕ್ಯರ ರಾಜಕುಮಾರಿ ಅಕ್ಕಾದೇವಿ ಆ ಸೀಮೆಯನ್ನು ಆಳಿದಳು. ಗೋಕಾಕದ ಕೋಟೆಗೆ ಸೈನ್ಯ ಕಟ್ಟಿಕೊಂಡು ಹೋಗಿ ಮುತ್ತಿಗೆ ಹಾಕಿದ ಹೆಣ್ಣು ಆಕೆ. ಶಾಸನಗಳಲ್ಲಿ ಗುಣದಬೆಡಂಗಿ ಎಂಬ ಬಿರುದು ಅವಳಿಗಿದೆ. ದಂಡನಾಯಕ ನಾಗದೇವ ಹನ್ನೊಂದನೆಯ ಶತಮಾನದ ನಡುವಿನಲ್ಲಿ ಇಲ್ಲಿ ದೇವಾಲಯ ಕಟ್ಟಿಸಿದ. ಇಲ್ಲೊಂದು ಟಂಕಸಾಲೆ ಇತ್ತು, ಸೂಡಿಯ ಗದ್ಯಾಣಗಳು ಪೇಟೆಗಳಲ್ಲಿ ಚಲಾವಣೆಯಲ್ಲಿದ್ದವು. ಈಗ ಇಸ್ಪೀಟಿನ ಕಟ್ಟೆಯ ಪಕ್ಕ ಹತ್ತು ರೂಪಾಯಿಯ ನಾಣ್ಯ ಕೊಟ್ಟು ಶೇಂಗಾ ಕೊಳ್ಳುವಾಗ ಈ ಸಂಗತಿ ನೆನಪಾಗಿ ನಗು ಬರುತ್ತದೆ.

ಊರಿನ ಹುಡುಗರು ನಮ್ಮನ್ನು ನಾಗಕುಂಡಕ್ಕೆ ಎಳೆದೊಯ್ಯುತ್ತಾರೆ. ನೆಲದ ಮಟ್ಟದಿಂದ ಕೆಳಕ್ಕೆ ಇಳಿಯುವ ಚೌಕದ ಬಾವಿ, ಸುತ್ತಲೂ ಕೆತ್ತಿದ ಪುಟ್ಟ ಗೂಡುಗಳು. ಮೆಟ್ಟಿಲು ಮೆಟ್ಟಿಲು ಇಳಿದಂತೆ ಮೇಲಿನ ಊರಿನ ಸದ್ದು ಕಡಿಮೆಯಾಗುತ್ತ ಕಲ್ಲಿನ ತಂಪು ಮೈಗೆ ತಾಕುತ್ತದೆ. ಹುಡುಗನೊಬ್ಬ ಬಾಯಿಗೆ ಕೈಹಿಡಿದು ಕೂಗುತ್ತಾನೆ, ನಾಲ್ಕೂ ಗೋಡೆ ಅವನಿಗೆ ಉತ್ತರ ಕೊಡುತ್ತವೆ. ಕಾವಲುಗಾರ ಬೈದರೂ ಗೋಡೆಗಳು ಆ ಬೈಗುಳವನ್ನೇ ತಿರುಗಿ ಹೇಳುತ್ತವೆ. ಎಲ್ಲರಿಗೂ ನಗು, ಕೊನೆಗೆ ಕಾವಲುಗಾರನಿಗೂ.

ಗಜೇಂದ್ರಗಡ ತಲುಪುವ ಮೊದಲೇ ಗಾಳಿಯಂತ್ರಗಳು ಸ್ವಾಗತಕ್ಕೆ ನಿಂತಿವೆ. ಗುಡ್ಡದ ಸಾಲಿನ ಮೇಲೆ ಬಿಳಿಯ ರೆಕ್ಕೆಗಳು ಅವಸರವಿಲ್ಲದೆ ತಿರುಗುತ್ತವೆ. ಊರಿನ ಬೆನ್ನಿಗೆ ಕೋಟೆಯ ಬೆಟ್ಟ. ಇನ್ನೊಂದು ಪಕ್ಕ, ಬಂಡೆಗಳ ಮಡಿಲಲ್ಲಿ ಕಾಲಕಾಲೇಶ್ವರ. ಮೆಟ್ಟಿಲು ಹತ್ತುತ್ತ ಹೋದರೆ ತಲೆಯ ಮೇಲೆ ಕಡಿದಾದ ಕಲ್ಲುಗೋಡೆ, ಅದರ ಬಿರುಕುಗಳಲ್ಲಿ ಪಾರಿವಾಳ, ಬುಡದಲ್ಲಿ ಅಂತರಗಂಗೆಯ ತಣ್ಣೀರು. ಬೆಟ್ಟದೊಳಗಿಂದ ಒಸರುವ ಈ ನೀರು ಬಟಾಬಯಲಿನ ಬಿಸಿಲಿನಲ್ಲಿ ಬಂದವರಿಗೆ ಪವಾಡವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಯುಗಾದಿಯ ಹಿಂದಿನ ರಾತ್ರಿ ಸುಣ್ಣ, ಕುಂಚ ಇಟ್ಟು ಬಂದರೆ ಬೆಳಗಾಗುವುದರೊಳಗೆ ಗುಡಿಯ ಗೋಪುರಕ್ಕೆ ತಾನಾಗಿ ಸುಣ್ಣ ಹಚ್ಚಿರುತ್ತದೆ ಎಂದು ಇಲ್ಲಿಯ ಭಕ್ತರು ನಂಬುತ್ತಾರೆ. ಹೂವು ಮಾರುವ ಅಕ್ಕನನ್ನು "ನೀವು ನೋಡೀರೇನ್ರೀ ಅಕ್ಕಾರ?" ಎಂದು ಕೇಳಿದರೆ, "ನೋಡಾಕ ನಿಂತರ ದೇವ್ರು ಕೆಲಸಾ ಮಾಡ್ತಾನೇನ್ರೀ?" ಎಂಬ ಉತ್ತರ ಬರುತ್ತದೆ.

1787ರ ಏಪ್ರಿಲ್‌ನಲ್ಲಿ ಮರಾಠರು, ನಿಜಾಮ ಒಂದು ಕಡೆ, ಟಿಪ್ಪು ಇನ್ನೊಂದು ಕಡೆ ಯುದ್ಧ ನಿಲ್ಲಿಸಲು ಒಪ್ಪಿದ ಒಪ್ಪಂದಕ್ಕೆ ಈ ಊರಿನ ಹೆಸರಿದೆ. ಬಾದಾಮಿ, ಕಿತ್ತೂರು ಹಾಗೂ ನಾವು ಹತ್ತಿಳಿದು ಬಂದ ಅದೇ ನರಗುಂದ ಮರಾಠರ ಪಾಲಾದವು. ಜೊತೆಗೆ 48 ಲಕ್ಷ ರೂಪಾಯಿ ಕೊಡಲು ಟಿಪ್ಪು ಒಪ್ಪಿದ. ಗುಡ್ಡಗಳಿಗಾಗಿ ಇಷ್ಟೆಲ್ಲ ಸೈನ್ಯ ಓಡಾಡಿದ ಸೀಮೆಯಲ್ಲಿ ಇಂದು ಕಿವಿಗೆ ಬೀಳುವುದು ಮಗ್ಗದ ಸದ್ದು. ಓಣಿಯೊಂದರ ಮನೆಯಲ್ಲಿ ಕುಣಿಮಗ್ಗದ ಮುಂದೆ ಕೂತ ನೇಕಾರರು ನಮಗಾಗಿ ಪಟ್ಟೇದ ಅಂಚಿನ ಸೀರೆಯನ್ನು ಬಿಚ್ಚಿ ಹರಡುತ್ತಾರೆ. ಅರಿಸಿನ ಬಣ್ಣದ ಒಡಲಲ್ಲಿ ಚೌಕಳಿ, ಅಗಲವಾದ ಕೆಂಪು ಅಂಚು, ಯಾವ ಮಗ್ಗುಲಿಂದ ಉಟ್ಟರೂ ಒಂದೇ ರೂಪ. ಸವದತ್ತಿ ಎಲ್ಲಮ್ಮನಿಗೆ ಮುಡಿಪು ಕೊಡುತ್ತಿದ್ದ ಸೀರೆಯಿದು, ಮರೆತೇಹೋಗುತ್ತಿದ್ದಾಗ ಈಚಿನ ವರ್ಷಗಳಲ್ಲಿ ಇದೇ ಊರಿನ ಮಗ್ಗಗಳಲ್ಲಿ ಮರಳಿ ಜೀವ ಪಡೆಯಿತು. ನೇಕಾರರ ಕಾಲು ಪೆಡಲಿನ ಮೇಲೆ, ಕೈ ಲಾಳಿಯ ಹಗ್ಗದ ಮೇಲೆ, ಕಣ್ಣು ಮಾತ್ರ ನಮ್ಮ ಮೇಲೆ. ಮಾತಾಡುತ್ತಲೇ ಬೆರಳಗಲ ಬಟ್ಟೆ ಬೆಳೆದಿರುತ್ತದೆ.

ರಾತ್ರಿ ಬೆಳವಣಕಿಯ ಹೊಲದಲ್ಲೇ ಬಿಡಾರ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕುಳ್ಳಿನ ಕೆಂಡ ನಿಗಿನಿಗಿ ಹೊಳೆಯುತ್ತಿದೆ. ಮಾಸ್ತರನ ತಮ್ಮ ಹಾಲುಗಾಳಿನ ಜೋಳದ ತೆನೆಗಳನ್ನು ಅದರಲ್ಲಿ ಹೊರಳಿಸಿ, ಬಿಸಿಬಿಸಿಯಾಗಿಯೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ ನಮ್ಮ ಬೊಗಸೆಗೆ ಹಾಕುತ್ತಾನೆ. ಇದೇ ಸೀತನಿ. ಹಸಿರು ಕಾಳು, ಹಲ್ಲಿಗೆ ಸಿಕ್ಕರೆ ಸಿಹಿಹಾಲು, ಹಿಂದೆಯೇ ಹೊಗೆಯ ವಾಸನೆ. ಜೊತೆಗೆ ಬೆಲ್ಲ, ಗುರೆಳ್ಳು ಚಟ್ನಿ, ಶೇಂಗಾ ಹಿಂಡಿ. ಈ ಹದ ಕೆಲವೇ ವಾರ ಇರುತ್ತದೆ. ಆಮೇಲೆ ಕಾಳು ಬಲಿಯುತ್ತದೆ, ಸೀತನಿ ಮುಂದಿನ ಮಾಗಿಗೆ.

ಕೆಂಡದ ಸುತ್ತ ಕೂತಾಗ ಜೂರಿಚ್‌ನ ಗೆಳೆಯನ ಸರದಿ. ಅವನೂ ಅಲ್ಲಿಯ ಕನ್ನಡದ ಗೆಳೆಯರೂ ಮೊದಲ ಸಲ ಸ್ಕೀ ಕಲಿತ ಕಥೆ ಹೇಳುತ್ತಾನೆ. ಕಾಲಿಗೆ ಕಬ್ಬಿಣದಷ್ಟು ಬಿಗಿಯಾದ ಬೂಟು, ಅದಕ್ಕೆ ಆಳುದ್ದದ ಹಲಗೆ. ನಿಲ್ಲಬೇಕೆಂದರೆ ಹಲಗೆಗಳ ಮೂತಿ ಕೂಡಿಸಿ ಹಿಂಬದಿ ಅಗಲಿಸಬೇಕು, ಕಲಿಸುವವರು ಅದಕ್ಕೆ ಪಿಜ್ಜಾ ಎನ್ನುತ್ತಾರೆ. "ಎಲ್ಲರೂ ಪಿಜ್ಜಾ ಪಿಜ್ಜಾ ಅಂತ ಕೂಗ್ತಾ ಒಬ್ಬರ ಮೇಲೊಬ್ಬರು ಬಿದ್ದೆವು. ಪಕ್ಕದಲ್ಲಿ ನಾಲ್ಕು ವರ್ಷದ ಮಗು ಕೋಲೂ ಇಲ್ಲದೆ ಜುಮ್ಮಂತ ಇಳಿದು ಹೋಯ್ತು." ಆಮೇಲೆ ಯುಂಗ್‌ಫ್ರೌ ರೈಲಿನ ಮಾತು. 1896ರಲ್ಲಿ ಅಗೆಯಲು ಶುರುಮಾಡಿ 1912ರಲ್ಲಿ ಮುಗಿಸಿದ ಹಳಿ, ಐಗರ್ ಪರ್ವತದ ಹೊಟ್ಟೆಯನ್ನೇ ಕೊರೆದು 3,454 ಮೀಟರ್ ಎತ್ತರದ ನಿಲ್ದಾಣಕ್ಕೆ ಒಯ್ಯುತ್ತದೆ. ಬಾಗಿಲು ತೆರೆದರೆ ಮೈಲುಗಟ್ಟಲೆ ಉದ್ದದ ಅಲೆಚ್ ಹಿಮನದಿ, ಕಣ್ಣು ಕುಕ್ಕುವ ಬಿಳುಪು, ಉಸಿರು ಏರದ ತೆಳು ಗಾಳಿ. ಕೆಳಗಿನ ಇಳಿಜಾರುಗಳಿಗೆ ಈಗೀಗ ಹಿಮ ಸಾಲದೆ ಯಂತ್ರಗಳಿಂದ ಹಿಮ ಊದುತ್ತಾರಂತೆ.

"ನಮ್ಮವ್ರು ಯಾರರೇ ಇದನ್ನ ಆಡ್ತಾರೇನು?" ಮಾಸ್ತರನ ತಮ್ಮ ಕೇಳುತ್ತಾನೆ. ಆಡುತ್ತಾರೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಗುಲ್ಮಾರ್ಗ್‌ನಲ್ಲಿ ನಡೆಯುವ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಪದಕ ಗೆದ್ದವರು, ಹಿಮದ ಮೇಲೆ ಮೈಲುಗಟ್ಟಲೆ ಓಡುವ ಕ್ರಾಸ್‌ಕಂಟ್ರಿ ಸ್ಕೀಯಿಂಗ್ ಅವರದು. ಕಾಫಿ ತೋಟದ ನಾಡಿನ ಹೆಣ್ಣುಮಗಳು ಹಿಮದಲ್ಲಿ ಓಡುವುದನ್ನು ಊಹಿಸಿಕೊಂಡು ತಮ್ಮ ಬೆರಗಾಗುತ್ತಾನೆ. ಹೊರಗೆ ಚಳಿ 15 ಡಿಗ್ರಿಯ ಆಸುಪಾಸು. ಆಲ್ಪ್ಸ್‌ನವನು ಎಲ್ಲರಿಗಿಂತ ಮೊದಲು ಕಂಬಳಿ ಎಳೆದುಕೊಳ್ಳುತ್ತಾನೆ. ಮೇಲೆ ಆಕಾಶ ತುಂಬ ಚುಕ್ಕಿ, ಒಂದನ್ನೂ ಮರೆಮಾಡುವ ಬೆಟ್ಟವಿಲ್ಲ.

ಕೊನೆಯ ಬೆಳಗು ಮಾಗಡಿ ಕೆರೆಗೆ. ಕತ್ತಲಿರುವಾಗಲೇ ಹೊರಟು, ಗದಗ ದಾಟಿ, ಶಿರಹಟ್ಟಿ ತಾಲ್ಲೂಕಿನ ಈ ಕೆರೆಯ ದಂಡೆಗೆ ಬರುವಾಗ ಮೂಡಣ ಕೆಂಪಾಗುತ್ತಿದೆ. ನೀರು ಬಹುಪಾಲು ಖಾಲಿ, ಅಲ್ಲಲ್ಲಿ ಬಾತುಗಳು, ಕೊಕ್ಕರೆಗಳು. ದಂಡೆಯ ಮೇಲೆ ನಿಂತವರೆಲ್ಲ ಆಕಾಶ ನೋಡುತ್ತಿದ್ದಾರೆ. ಮೊದಲು ದೂರದಿಂದ ಸದ್ದು, ಆಂಗ್, ಆಂಗ್ ಎಂಬ ಮೂಗಿನ ಕೂಗು. ಆಮೇಲೆ ಒಂದು ಗೆರೆ, ಅದರ ಹಿಂದೆ ಇನ್ನೊಂದು, ಮುರಿದು ಕೂಡಿ ಬಾಣದ ಮೊನೆಯಾಗುವ ಸಾಲುಗಳು. ಸಾವಿರಾರು ಪಟ್ಟೆತಲೆ ಹೆಬ್ಬಾತುಗಳು ರಾತ್ರಿಯೆಲ್ಲ ಸುತ್ತಲ ಹೊಲಗಳಲ್ಲಿ ಮೇದು ಕೆರೆಗೆ ಮರಳುತ್ತಿವೆ. ನಮ್ಮ ನೆತ್ತಿಯ ಮೇಲೆ ರೆಕ್ಕೆಗಳ ಸುಯ್ಯೆಂಬ ಗಾಳಿ. ಬಿಳಿ ತಲೆಯ ಮೇಲಿನ ಎರಡು ಕಪ್ಪು ಪಟ್ಟೆ, ಕಿತ್ತಳೆ ಕೊಕ್ಕು, ಕಿತ್ತಳೆ ಕಾಲು ಎಲ್ಲವೂ ಬರಿಗಣ್ಣಿಗೆ ಕಾಣುವಷ್ಟು ಹತ್ತಿರ. ಕಾಲು ಮುಂದೆ ಚಾಚಿ, ನೀರನ್ನು ಸೀಳಿಕೊಂಡು ಜಾರುತ್ತ ಇಳಿಯುತ್ತವೆ.

"ನೋಡಲೇ, ಸ್ಕೀಯಿಂಗ್!" ಮಾಸ್ತರ ಕೂಗುತ್ತಾನೆ.

ಇವು ಬರುವುದು ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆಯ ಸರೋವರಗಳಿಂದ. ಅಲ್ಲಿ ನೀರು ಹೆಪ್ಪುಗಟ್ಟುವ ಮುನ್ನ ಹೊರಟು, ಹಿಮಾಲಯ ದಾಟಿ, ನವೆಂಬರ್ ಹೊತ್ತಿಗೆ ಇಲ್ಲಿಗೆ ತಲುಪುತ್ತವೆ. ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿ ಈ ಹಕ್ಕಿಗಳ ಹಾದಿಯನ್ನು ಉಪಗ್ರಹದಿಂದ ಹಿಂಬಾಲಿಸಿದ ವಿಜ್ಞಾನಿಗಳು ಒಂದು ಹೆಬ್ಬಾತು 7,290 ಮೀಟರ್ ಎತ್ತರದಲ್ಲಿ ಹಾರಿದ್ದನ್ನು ದಾಖಲಿಸಿದ್ದಾರೆ. ಆಲ್ಪ್ಸ್‌ನ ಅತಿ ಎತ್ತರದ ಮಾಂಟ್ ಬ್ಲಾಂಕ್ 4,800 ಮೀಟರಿನ ಆಸುಪಾಸು. ತೆಳುಗಾಳಿಯಿಂದಲೂ ಆಮ್ಲಜನಕವನ್ನು ಹಿಡಿದುಕೊಳ್ಳುವ ರಕ್ತ ಈ ಹಕ್ಕಿಗಳದು. 2024ರಲ್ಲಿ ಮಾಗಡಿ ಕೆರೆಗೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ಊರವರಿಗೆ ಅದಕ್ಕೂ ಮೊದಲೇ ಇವು ವರ್ಷ ವರ್ಷವೂ ಬರುವ ನೆಂಟರು. ಹೊಲದಲ್ಲಿ ಮೇದು ನಷ್ಟ ಮಾಡಿದರೂ ಬೇಟೆಯಾಡುವುದಿಲ್ಲ, ಆಡಲು ಬಿಡುವುದೂ ಇಲ್ಲ.

ಜೂರಿಚ್‌ನ ಗೆಳೆಯ ದುರ್ಬೀನು ಕೆಳಗಿಳಿಸಿ ತೀರ್ಪು ಕೊಡುತ್ತಾನೆ: "ಹಿಮದಲ್ಲಿ ಹುಟ್ಟಿದವೇ ಚಳಿಗಾಲಕ್ಕೆ ಇಲ್ಲಿಗೆ ಬರ್ತಾವೆ ಅಂದ್ರೆ, ನಾವು ಇಷ್ಟು ದಿನ ಉಲ್ಟಾ ದಿಕ್ಕಿಗೆ ಹೋಗ್ತಿದ್ವಿ." ಮಾಸ್ತರ ಏನೂ ಹೇಳುವುದಿಲ್ಲ, ಗೆದ್ದವನ ನಗು ನಗುತ್ತಾನೆ. ನನಗೆ ಹಿಮದ ಮೇಲೆ ಮುನಿಸಿಲ್ಲ, ಆಲ್ಪ್ಸ್‌ಗೂ ಒಂದು ದಿನ ಹೋಗಬೇಕು. ಆದರೆ ಹಿಮದ ನಾಡಿನಲ್ಲಿ ನೆಲ ಮಲಗಿರುವ ಕಾಲದಲ್ಲಿ ಬೆಳವಲದ ನೆಲ ಕಾಳು ಕಟ್ಟುತ್ತಿರುತ್ತದೆ. ಹಕ್ಕಿಗಳಿಗೆ ತಿಳಿದಿರುವ ಈ ಮಾತು ನಮ್ಮ ಪ್ರವಾಸದ ಪಟ್ಟಿಗಳಿಗೆ ಇನ್ನೂ ತಿಳಿದಿಲ್ಲ.

ಬರುವುದಾದರೆ ಎಳ್ಳ ಅಮಾವಾಸ್ಯೆ–ಸಂಕ್ರಾಂತಿಯ ಆಸುಪಾಸಿನಲ್ಲಿ ಬನ್ನಿ. ಹುಬ್ಬಳ್ಳಿಯವರೆಗೋ ಗದಗದವರೆಗೋ ರೈಲು ಸಿಗುತ್ತದೆ, ಮುಂದಿನದಕ್ಕೆ ಬಸ್ಸು, ಕಾರು ಯಾವುದಾದರೂ ಸರಿ. ಒಂದು ದಪ್ಪ ಸ್ವೆಟರ್, ಮಣ್ಣು ಮೆತ್ತಿದರೂ ಬೇಸರವಾಗದ ಬೂಟು ಇರಲಿ. ಹೊಲದಲ್ಲಿ ಬದುವಿನ ಮೇಲೆಯೇ ನಡೆಯಿರಿ, ಕೆರೆಯ ದಂಡೆಯಲ್ಲಿ ದನಿ ತಗ್ಗಿಸಿ, ಊಟಕ್ಕೆ ಕರೆದರೆ ಒಲ್ಲೆ ಎನ್ನಬೇಡಿ. ಮಾರ್ಚ್ ಬರುವಷ್ಟರಲ್ಲಿ ಜೋಳ ಕಟಾವಾಗಿರುತ್ತದೆ, ಹೆಬ್ಬಾತುಗಳು ಉತ್ತರಕ್ಕೆ ಹೊರಟಿರುತ್ತವೆ.